ಆ ಚಿಪ್ ಆರಿಸಿದವಳು

ಹೋದ ತಿಂಗಳು ಮೈಸೂರಿನಲ್ಲಿ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಕಾದ ಮೊನೆಗೆ ರಾಳ ತಗುಲಿ ಎದ್ದ ಹೊಗೆ, ತುಸು ಸಿಹಿ, ತುಸು ಗಂಟಲು ಕೆರೆಯುವಂಥದ್ದು... ಮೂಗಿಗೆ ಬಡಿದದ್ದೇ ತಡ, ತುಡಿಯಲೂರಿನ ಆ ಉದ್ದನೆಯ ಕೋಣೆಯೂ ಕಿಟಕಿ ಪಕ್ಕದ ಮೇಜಿನ ಅಕ್ಕನೂ ನೆನಪಾದರು. ಅವಳ ಹಿಂದೆಯೇ ನನ್ನ ಹಳೆಯ ಹೊಟ್ಟೆಕಿಚ್ಚೂ ಎದ್ದು ಕೂತಿತು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿದ ನಾನು ಕೊಯಮತ್ತೂರಿನ ಅಂಚಿನ ತುಡಿಯಲೂರಿನಲ್ಲಿ ಒಂದು ಚಿಕ್ಕ ಕಂಪನಿಗೆ ಸೇರಿದ್ದೆ. ತಿರುಪ್ಪೂರಿನ ಗಿರಣಿಗಳಲ್ಲಿ ಬನಿಯನ್ ಬಟ್ಟೆ ಓಡುತ್ತಿರುವಾಗಲೇ ಅದರ ತೂತು, ಹರಿದ ಎಳೆ ಹಿಡಿಯುವ ಕ್ಯಾಮೆರಾ ಯಂತ್ರ ಮಾಡುವುದು ನಮ್ಮ ಕೆಲಸ. ನಾನು ಅಕ್ಕ ಎಂದು ಕರೆಯುತ್ತಿದ್ದ ಜೊತೆ ಕೆಲಸದವಳು ನನಗಿಂತ ಸ್ವಲ್ಪ ದೊಡ್ಡವಳು, ಓದಿದ್ದು ನಾನು ಓದಿದ್ದನ್ನೇ. ತಮಿಳುನಾಡಿನದೇ ಮಡತ್ತುಕುಳಂ ಕಡೆಯ ರೈತರ ಮನೆಯವಳು. ಮನೆಮಾತು ಕನ್ನಡ, ಆದರೆ ಕನ್ನಡದ ಅಕ್ಷರ ಓದಲು ಬಾರದು. ನನ್ನೊಡನೆ ತಮಿಳಿನ ರಾಗದ ಕನ್ನಡ, ಮಾಲೀಕರಾದ ಸಾರ್ ಜೊತೆ ತಮಿಳು. ಟೀ ಹೊತ್ತಿನಲ್ಲಿ ಅವರಿಬ್ಬರೂ ನಗುವಾಗ ನನಗೆ ಅರ್ಧ ಮಾತು ತಿಳಿಯುತ್ತಿತ್ತು. ತಿಳಿಯದ ಅರ್ಧವೆಲ್ಲ ನನ್ನ ಬಗ್ಗೆಯೇ ಇರಬೇಕೆಂದು ಕುದಿಯುತ್ತಿದ್ದೆ.

ನಮ್ಮ ಹಳೆಯ ಬೋರ್ಡು ಚಿತ್ರಗಳನ್ನು ಕಂಪ್ಯೂಟರಿಗೆ ಕಳಿಸುವಷ್ಟರಲ್ಲಿ ಬಟ್ಟೆ ಮುಂದೆ ಸಾಗಿರುತ್ತಿತ್ತು. ಹೈ-ಸ್ಪೀಡ್ ಯುಎಸ್‌ಬಿ ಚಿಪ್ ಬೇಕಾಗಿತ್ತು. ಯಾವುದು? ಅಕ್ಕ ಒಂದನ್ನು ಹಿಡಿದಳು: ಅದು ಯುಎಸ್‌ಬಿ ಕೆಲಸವನ್ನಷ್ಟೇ ನೋಡಿಕೊಳ್ಳುವ ಚಿಪ್, ನಮ್ಮ ಹಳೆಯ ಪ್ರೊಸೆಸರ್ ಪಕ್ಕಕ್ಕೆ ಅಂಟಿಸಿದರೆ ಸಾಕು, ಬರೆದಿಟ್ಟ ಪ್ರೋಗ್ರಾಮು ಹಾಗೇ ಉಳಿಯುತ್ತದೆ. ನಾನು ಇನ್ನೊಂದನ್ನು ಹಿಡಿದೆ. ಅದರೊಳಗೇ ಪ್ರೊಸೆಸರ್ ಇತ್ತು, ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಆದರೆ ಕ್ಯಾಮೆರಾದ ಚಿತ್ರ ಪ್ರೊಸೆಸರನ್ನು ಮುಟ್ಟದೆ ನೇರವಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು.

ಸಾರ್ ಇಬ್ಬರ ಮುಖವನ್ನೂ ನೋಡಿದರು. "ಇಬ್ಬರೂ ಒಂದೊಂದು ಬೋರ್ಡು ಮಾಡಿ ತೋರಿಸಿ" ಅಂದುಬಿಟ್ಟರು.

ಆ ವಾರಗಳಲ್ಲಿ ನಾನು ಕಣ್ಣಿಟ್ಟದ್ದು ನನ್ನ ಬೋರ್ಡಿಗಿಂತ ಅವಳ ಬೋರ್ಡಿನ ಮೇಲೆ ಹೆಚ್ಚು. ಅವಳು ಹಾಡು ಗುನುಗಿದರೆ ಕೆಲಸ ಆಯಿತೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು. ಅವಳ ಬೆಸುಗೆ ಮುತ್ತು ಪೋಣಿಸಿದ ಹಾಗಿರುತ್ತಿತ್ತು, ನನ್ನದು ಇರುವೆ ಗೂಡು. ಕೊನೆಗೆ ಎರಡನ್ನೂ ಓಡಿಸಿದಾಗ ಅವಳದರಲ್ಲಿ ಚಿತ್ರ ನಡುನಡುವೆ ತುಂಡಾಯಿತು. ಚಿಪ್ ವೇಗದ್ದೇ, ಅದಕ್ಕೆ ಚಿತ್ರ ಉಣಿಸಬೇಕಿದ್ದ ಹಳೆಯ ಪ್ರೊಸೆಸರ್‌ಗೆ ಆ ವೇಗವಿರಲಿಲ್ಲ. ನನ್ನದರಲ್ಲಿ ಬಟ್ಟೆ ನದಿಯಂತೆ ಹರಿಯಿತು.

"ಸರಿ, ಇದೇ ಇರಲಿ," ಅಂದರು ಸಾರ್.

ಗೆದ್ದೆ. ಆದರೂ ಹೊಟ್ಟೆ ತಣ್ಣಗಾಗಲಿಲ್ಲ. ಯಂತ್ರ ತೋರಿಸಲು ನಾವಿಬ್ಬರೂ ತಿರುಪ್ಪೂರಿನ ಗಿರಣಿಯೊಂದಕ್ಕೆ ಹೋದೆವು. ಇದು ಹೇಗೆ ಇಷ್ಟು ಬೇಗ ಹಿಡಿಯುತ್ತದೆ ಎಂದು ಗಿರಣಿ ಯಜಮಾನರು ಕೇಳಿದರು. ನನ್ನ ತಮಿಳು ಮೂರನೇ ಮಾತಿಗೇ ಸಿಕ್ಕಿಹಾಕಿಕೊಂಡಿತು. ಅಕ್ಕ ಮುಂದೆ ಬಂದಳು. ಕೊಡದಲ್ಲಿ ನೀರು ಹೊತ್ತು ಗದ್ದೆಗೆ ಸುರಿಯುವುದನ್ನು ಬಿಟ್ಟು ಕಾಲುವೆಯ ತೂಬನ್ನೇ ತೆರೆದ ಹಾಗೆ ಎಂದು ತಮಿಳಿನಲ್ಲಿ ಹೇಳಿದಳು. ಯಜಮಾನರ ಮುಖ ಅರಳಿತು. "ರೊಂಬ ನಲ್ಲಾ ಪಣ್ಣಿರುಕ್ಕೇಮ್ಮಾ" ಎಂದು, ಎಲ್ಲವನ್ನೂ ಚೆನ್ನಾಗಿ ಮಾಡಿದವಳು ಅವಳೇ ಎಂಬಂತೆ ಹೊಗಳಿದರು. ಇದನ್ನು ಆರಿಸಿದ್ದು, ಮಾಡಿದ್ದು ಎಲ್ಲ ಇವಳೇ ಎಂದು ಅಕ್ಕ ನನ್ನತ್ತ ಕೈ ತೋರಿಸಿದಳು. ಅವರು ನನ್ನ ಕಡೆ ಒಮ್ಮೆ ನೋಡಿ, ಮುಂದಿನ ಪ್ರಶ್ನೆಯನ್ನೂ ಅವಳನ್ನೇ ಕೇಳಿದರು. ಮೆಚ್ಚುಗೆ ಸಾಲದೆಂದು ದೊಡ್ಡ ಮನಸ್ಸೂ ಅವಳ ಪಾಲಿಗೇ ಬಂತಲ್ಲ ಎಂದು ಉರಿದುಹೋದೆ.

ಹಿಂತಿರುಗುವಾಗ ಬಸ್ಸಿನಲ್ಲಿ ಅವಳು ಇದ್ದಕ್ಕಿದ್ದಂತೆ ಹೇಳಿದಳು: "ನಿನ್ ಬೋರ್ಡು ಓಡ್ತಲ್ಲ, ಅವತ್ತು ನನ್ಗೆ ಅನ್ನಾನೇ ಇಳೀಲಿಲ್ಲ, ತೆರಿಯುಮಾ? ಅಷ್ಟು ಪೊರಾಮೆ ನಿನ್ನ ಮ್ಯಾಲೆ."

ಹೇಳಿ ಜೋರಾಗಿ ನಕ್ಕಳು. ಪೊರಾಮೆ ಎಂಬ ಆ ತಮಿಳು ಪದ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳ ಹಾಗೆ ನಾನೂ ನಕ್ಕೆ. ನಾನಿದ್ದ ಹಾಸ್ಟೆಲಿನ ಅಡುಗೆಯಮ್ಮನನ್ನು ಕೇಳಿದಾಗ ಅವರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, "ವಯಿತ್ತೆರಿಚ್ಚಲ್" ಅಂದರು. ಹೊಟ್ಟೆಯುರಿ! ಒಂದು ಗಳಿಗೆ ಕುಣಿಯುವಷ್ಟು ಖುಷಿಯಾಯಿತು. ಮರುಗಳಿಗೆ ಮತ್ತೆ ಅದೇ ಸಂಕಟ. ನಾನು ಹಲ್ಲು ಕಚ್ಚಿ ಹೊತ್ತು ತಿರುಗುತ್ತಿದ್ದುದನ್ನು ಅವಳು ಕಡಲೆಕಾಯಿ ಸಿಪ್ಪೆಯಂತೆ ಬಸ್ಸಿನ ಕಿಟಕಿಯಾಚೆ ಎಸೆದಿದ್ದಳು. ಹಾಗೆ ಎಸೆಯಲು ಬರುತ್ತದಲ್ಲ, ಅದಕ್ಕೂ ಹೊಟ್ಟೆಕಿಚ್ಚು...

ಮರುವರ್ಷ ನಾನು ಕೆಲಸ ಬಿಟ್ಟು ಬಂದೆ. ಅಕ್ಕ ಅಲ್ಲಿಯೇ ಉಳಿದಳು. ಮೊದಮೊದಲು ಫೋನು, ಆಮೇಲೆ ಅದೂ ಇಲ್ಲ.

ರಾಳದ ವಾಸನೆ ಕುಡಿದ ಆ ಸಂಜೆ, ಅವಳ ನಂಬರ್ ಕೇಳೋಣವೆಂದು ಸಾರ್‌ಗೆ ಫೋನ್ ಮಾಡಿದೆ. ಅವರಿಗೆ ಈಗ ವಯಸ್ಸಾಗಿದೆ. ಅವಳು ಹೋಗಿ ಎರಡು ವರ್ಷವಾಯಿತಮ್ಮ ಅಂದರು. ಕ್ಯಾನ್ಸರ್. ಅವರೇ ಮುಂದುವರಿಸಿದರು: "ಎಂಥ ಜಾಣೆ! ಆ ಯುಎಸ್‌ಬಿ ಚಿಪ್ ನೆನಪಿದೆಯಾ ನಿನಗೆ? ಅದನ್ನು ಆರಿಸಿದ್ದೇ ಅವಳು. ನಮ್ಮ ಕಂಪನಿ ಉಳಿದದ್ದು ಅದರಿಂದ."

ಅಲ್ಲ ಸಾರ್, ಆರಿಸಿದ್ದು ನಾನು... ಮಾತು ನಾಲಿಗೆ ತುದಿಗೆ ಬಂತು. ಸತ್ತವಳ ಮೇಲೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

"ಹೌದು ಸಾರ್, ನೆನಪಿದೆ" ಅಂದೆ.

ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ದೀಪವನ್ನೂ ಹಾಕದೆ ಕೂತಿದ್ದೆ. ಆ ಚಿಪ್ ನನ್ನದೆಂದು ಹೇಳಬಲ್ಲವಳು ಲೋಕದಲ್ಲಿ ಅವಳೊಬ್ಬಳೇ ಇದ್ದಳು. ನನ್ನ ಮೇಲೆ ಹೊಟ್ಟೆಕಿಚ್ಚುಪಟ್ಟವಳೂ ಅವಳೊಬ್ಬಳೇ.