ಎಫ್‌ಎಂನಲ್ಲಿ ಎಷ್ಟು ಕ್ಲಿಯರ್

ಸಿಯಾಟಲ್‌ನ ಒಂದು ಸಣ್ಣ ರೇಡಿಯೊ ಸ್ಟೇಷನ್ನಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಕನ್ನಡ ಕಾರ್ಯಕ್ರಮ ನಡೆಸುತ್ತಿದ್ದೆ. ಸಂಬಳವಿಲ್ಲದ ಕೆಲಸ, ವಾರವಿಡೀ ತಯಾರಿ. ಸ್ಟೇಷನ್ ಎಎಂನದು. ಹೈಟೆನ್ಷನ್ ತಂತಿಯ ಕೆಳಗೆ ಕಾರು ಹೋದರೆ ನನ್ನ ದನಿ ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಎನ್ನುತ್ತಿತ್ತು. ನನ್ನ ಗಂಡನಿಗೆ ಆ ಚಟಪಟವೂ ಕೇಳಿಸುತ್ತಿರಲಿಲ್ಲ. ಅವರ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಎಎಂ ಇರಲೇ ಇಲ್ಲ.

"ನಾನೇನ್ ಮಾಡ್ಲಿ, ಕಾರಲ್ಲಿ ಬರಲ್ಲ ಕಣೇ," ಎನ್ನುತ್ತಿದ್ದರು. ಮಾತು ನಿಜವಾದ್ದರಿಂದ ಜಗಳಕ್ಕೂ ದಾರಿ ಇರಲಿಲ್ಲ.

ಆಮೇಲೆ ಸ್ಟೇಷನ್ನಿನವರು ಎಫ್‌ಎಂ ಟ್ರಾನ್ಸ್‌ಲೇಟರ್ ಹಾಕಿಸಿದರು. ಎಎಂನಲ್ಲಿ ಹೋಗುವುದನ್ನೇ ಎಫ್‌ಎಂನಲ್ಲೂ ಕಳಿಸುವ ಪುಟ್ಟ ಟ್ರಾನ್ಸ್‌ಮಿಟರ್ ಅದು. ತುಂಬ ದೂರ ಮುಟ್ಟುವುದಿಲ್ಲ, ಆದರೆ ನಮ್ಮವರು ತುಂಬಿಕೊಂಡಿರುವ ಬೆಲ್ವ್ಯೂ, ರೆಡ್ಮಂಡ್‌ಗೆ ಧಾರಾಳವಾಯಿತು. ಕನ್ನಡದವರ ವಾಟ್ಸ್ಯಾಪ್ ಗ್ರೂಪಿನಲ್ಲಿ ಹೆಬ್ಬೆರಳುಗಳ ಮಳೆ ಸುರಿಯಿತು. ನನಗಿದ್ದದ್ದು ಒಂದೇ ಆಸೆ: ರೆಡ್ಮಂಡ್‌ಗೆ ಬ್ಯಾಡ್ಮಿಂಟನ್ ಆಡಲು ಹೋಗುವ ದಾರಿಯಲ್ಲಾದರೂ ಇವರು ನನ್ನನ್ನು ಕೇಳಬೇಕು. ಕೇಳತೊಡಗಿದರು. ಪ್ರತಿ ಭಾನುವಾರ ಮನೆಗೆ ಬಂದು "ಚೆನ್ನಾಗಿತ್ತು" ಎನ್ನುತ್ತಿದ್ದರು. ನಾನು ಹಿಗ್ಗಿಹೋಗಿದ್ದೆ.

ಒಂದು ಭಾನುವಾರ ಮೈಸೂರಿನ ಮಂಡಿ ಮೊಹಲ್ಲಾದವರೊಬ್ಬರನ್ನು ಸ್ಟುಡಿಯೋಗೆ ಕರೆದಿದ್ದೆ. ಇಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವ ಹೆಂಗಸು. ತೀರಿಹೋದ ತಮ್ಮ ಅಮ್ಮಿಯ ಬಗ್ಗೆ ಮಾತಾಡುತ್ತ ಅತ್ತುಬಿಟ್ಟರು. ಮೈಕಿನ ಮುಂದೆ ನಾನೂ ಅತ್ತೆ. ಮನೆಗೆ ಬಂದು, ಇಡ್ಲಿ ಬಡಿಸುತ್ತ ಕೇಳಿದೆ:

"ಏನು ಇಷ್ಟ ಆಯ್ತು ರೀ?"

"ಎಲ್ಲಾನೂ. ಎಫ್‌ಎಂನಲ್ಲಿ ಎಷ್ಟು ಕ್ಲಿಯರ್ ಗೊತ್ತಾ."

ಅಳುವಿನ ಮಾತೆತ್ತಲಿಲ್ಲ. ನನಗೆ ಮುಜುಗರವಾದೀತೆಂದು ಸುಮ್ಮನಿದ್ದಾರೆ ಎಂದುಕೊಂಡು ಇನ್ನೊಂದು ಇಡ್ಲಿ ಹಾಕಿದೆ.

ಮರುದಿನ ಸ್ಟೇಷನ್ ಮ್ಯಾನೇಜರ್ ಫೋನ್ ಮಾಡಿದ. ನಿನ್ನೆ ನನ್ನ ಗಂಟೆ ಶುರುವಾಗುವ ಮೊದಲೇ ಟ್ರಾನ್ಸ್‌ಲೇಟರ್ ಕೆಟ್ಟುಹೋಗಿತ್ತಂತೆ. ನಾವು ಅತ್ತದ್ದೆಲ್ಲ ಎಎಂನಲ್ಲಿ ಮಾತ್ರ ಹೋಗಿದೆ. ನನ್ನ ನಂತರದ ಪಂಜಾಬಿ ಕಾರ್ಯಕ್ರಮ ಆರಂಭವಾದದ್ದೇ ತಡ, ಎಫ್‌ಎಂ ಯಾಕೆ ಬರುತ್ತಿಲ್ಲ ಎಂದು ಫೋನಿನ ಮೇಲೆ ಫೋನು. ಯಂತ್ರ ಕೆಟ್ಟದ್ದು ಸ್ಟೇಷನ್ನಿಗೆ ತಿಳಿದದ್ದೇ ಹಾಗೆ. ನನ್ನ ಗಂಟೆಯಲ್ಲಿ ಒಂದು ಫೋನೂ ಬಂದಿರಲಿಲ್ಲ.

ನಮ್ಮವರು ಸಂಕೋಚದವರು, ಕಂಪ್ಲೇಂಟ್ ಮಾಡುವುದಿಲ್ಲ ಎಂದು ವಾದಿಸಿದೆ. ಅವನು ಮರ್ಯಾದೆಯಿಂದ ಕೇಳಿಸಿಕೊಂಡು, ನನ್ನ ಗಂಟೆಯನ್ನೂ ಪಂಜಾಬಿಯವರಿಗೆ ಕೊಡುತ್ತಿರುವುದಾಗಿ ಹೇಳಿದ. ಎಎಂನಲ್ಲಾದರೂ ಉಳಿಸು ಎಂದೆ. ಎರಡರಲ್ಲೂ ಒಂದೇ ಕಾರ್ಯಕ್ರಮ ಹೋಗಬೇಕು, ಆಗುವುದಿಲ್ಲ ಎಂದ.

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪಂಜಾಬಿಯವರ ಮೇಲೆ ಹೊಟ್ಟೆಕಿಚ್ಚಾಯಿತು. ಗ್ರೂಪು ತೆರೆದರೆ ಆ ವಾರದ ಹೆಬ್ಬೆರಳುಗಳು ಸಾಲಾಗಿ ಕೂತಿದ್ದವು. ಅವು ಹಾಳಾಗಲಿ, ಹೊರಗಿನವರವು. ಕೆಟ್ಟು ಕೂತ ಎಫ್‌ಎಂ ಕ್ಲಿಯರ್ ಎಂದವರು ನನ್ನ ಕೈಯಲ್ಲೇ ಬಡಿಸಿಕೊಂಡು ತಿಂದಿದ್ದರು.

ಕಾರ್ಯಕ್ರಮ ನಿಂತದ್ದನ್ನು ಗ್ರೂಪಿಗೆ ತಿಳಿಸಲಿಲ್ಲ. ಯಾರೂ ವಿಚಾರಿಸಲೂ ಇಲ್ಲ. ಮನೆಯಲ್ಲೂ ಬಾಯಿ ಬಿಡಲಿಲ್ಲ. ಮುಂದಿನ ಭಾನುವಾರ ಎಂದಿನ ಹಾಗೆ ಸೀರೆ ಉಟ್ಟು ಹೊರಟೆ. ಬೆಲ್ವ್ಯೂನ ಫ್ಯಾಕ್ಟೋರಿಯಾ ಬಡಾವಣೆಯ ಅಂಗಡಿಗಳ ಮುಂದೆ ಕಾರು ನಿಲ್ಲಿಸಿ, ನನ್ನದಾಗಿದ್ದ ಗಂಟೆಯಲ್ಲಿ ಪಂಜಾಬಿ ಕೇಳುತ್ತ ಕೂತೆ. ಜನ ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ ನಗುತ್ತಿದ್ದರು. ಒಂದಕ್ಷರ ಅರ್ಥವಾಗದೆ ಎಲ್ಲವನ್ನೂ ಕೇಳಿಸಿಕೊಂಡೆ.

ಮನೆಗೆ ಬಂದಾಗ ಇವರು ಸೋಫಾ ಮೇಲೆ ಕೂತು ಸಾಕ್ಸ್ ಬಿಚ್ಚುತ್ತಿದ್ದರು.

"ಇವತ್ತಿಂದೂ ಚೆನ್ನಾಗಿತ್ತು ಕಣೇ," ಎಂದರು.

"ಥ್ಯಾಂಕ್ಸ್ ರೀ," ಎಂದು ಒಳಗೆ ಹೋಗಿ ದೋಸೆಕಲ್ಲು ಇಟ್ಟೆ.

ಅದಾಗಿ ಎಷ್ಟೋ ಭಾನುವಾರಗಳು ಕಳೆದಿವೆ. ಈಗಲೂ ಆ ಹೊತ್ತಿಗೆ ಸೀರೆ ಉಟ್ಟು ಹೊರಡುತ್ತೇನೆ. ಕಾರ್ಯಕ್ರಮ ಪ್ರತಿ ವಾರವೂ ಚೆನ್ನಾಗಿರುತ್ತದೆ.