ಗೋದಾಮಿನಲ್ಲಿ ಸತ್ತ ಆರನೆಯವನು

ನಮ್ಮ ಅತ್ತೆಗೆ ಹೊಡೆದಾಟದ ಸಿನಿಮಾ ಎಂದರೆ ಪ್ರಾಣ. ಬೇರೆ ಮನೆಗಳ ಅತ್ತೆಯರು ಪುರಾಣದ ಕ್ಯಾಸೆಟ್ಟು ತರಿಸಿಕೊಂಡು ಕೈ ಮುಗಿದು ನೋಡಿದರೆ, ಇವರಿಗೆ ಸ್ಮಗ್ಲರುಗಳು ಬೇಕು, ಪಿಸ್ತೂಲು ಬೇಕು, ಕನಿಷ್ಠ ಹತ್ತು ಜನ ಸಾಯಬೇಕು. ಕೈಯಲ್ಲಿ ಜಪಮಣಿ ತಿರುಗುತ್ತಿರುತ್ತಿತ್ತು, ಕಣ್ಣು ಮಾತ್ರ ಟಿವಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಹೊಸ ಸೊಸೆಯಾದ ನನಗೆ ನಾಚಿಕೆಯಾಗುತ್ತಿತ್ತು.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮವರಿಗೆ ವಿಜಾಪುರದಿಂದ ನಾಸಿಕಕ್ಕೆ ಬ್ಯಾಂಕಿನ ವರ್ಗ ಆಗಿತ್ತು. ಪಂಚವಟಿಯ ಒಂದು ಹಳೆಯ ವಾಡೆಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ ನಮ್ಮವು. ಕೆಳಗೆ ಮನೆಯ ಮಾಲೀಕರು, ನಿವೃತ್ತರಾದ ಮರಾಠಿ ಶಾಲೆಯ ಮಾಸ್ತರರು. ಪಕ್ಕದ ಬಿಡಾರದಲ್ಲಿ ಬೀದರದ ಕಡೆಯ ಗುಮಾಸ್ತರು, ನಮ್ಮವರ ಬ್ಯಾಂಕಿನವರೇ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಎಲ್ಲರೂ ಕೂಡಿ ವಿಸಿಆರ್ ಬಾಡಿಗೆಗೆ ತಂದು ಮಾಸ್ತರರ ಪಡಸಾಲೆಯಲ್ಲಿ ಸಿನಿಮಾ ನೋಡುತ್ತಿದ್ದೆವು. ಸಿನಿಮಾ ಮುಗಿದ ಮೇಲೆ ಮಾಸ್ತರರು ಯಾರನ್ನೂ ಸುಮ್ಮನೆ ಏಳಗೊಡುತ್ತಿರಲಿಲ್ಲ. ಮೂವತ್ತು ವರ್ಷ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದ ಅಭ್ಯಾಸ. ಒಬ್ಬೊಬ್ಬರೂ ಅಭಿಪ್ರಾಯ ಹೇಳಬೇಕು, ಆಮೇಲೆ ಚಹಾ.

ಅತ್ತೆಯ ಅಭಿಪ್ರಾಯ ಎಂದೂ ನಾಯಕನ ಬಗ್ಗೆ ಇರುತ್ತಿರಲಿಲ್ಲ. "ಲಾರಿ ಮ್ಯಾಲಿಂದ ಬಿದ್ದು ಸತ್ತಾವ ಹೋದ ತಿಂಗಳ ಸಿನಿಮಾದಾಗ ಪೊಲೀಸ ಆಗಿದ್ದ" ಎನ್ನುತ್ತಿದ್ದರು. ಇಲ್ಲವೇ, "ಬಂದರದಾಗ ಸತ್ತಾವನೇ ಗಡ್ಡ ಹಚ್ಚಕೊಂಡು ಮತ್ತ ಬಂದ್ನಲ್ಲಾ, ನೀವು ಯಾರೂ ನೋಡ್ಲಿಲ್ಲೇನು?" ಗುಮಾಸ್ತರು ಒಮ್ಮೆ ಪಂತ ಕಟ್ಟಿ ಟೇಪನ್ನು ಹಿಂದೆ ಓಡಿಸಿ ನೋಡಿದರು. ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಹೆಸರಿಲ್ಲದ, ಮಾತಿಲ್ಲದ, ಒಂದು ಗುಂಡಿಗೆ ಉರುಳುವ ಜನರೆಲ್ಲ ಈ ಮುದುಕಿಗೆ ಸ್ವಂತ ಓಣಿಯವರಷ್ಟು ಪರಿಚಯ. ಗುಮಾಸ್ತರು ಬಾಯಿ ತೆರೆದುಕೊಂಡು ಕುಳಿತುಬಿಟ್ಟರು. ನನಗೂ ಬೆರಗೇ, ಆದರೆ ಇದೆಂಥ ಚಟ ಎನ್ನುವ ಬೇಸರವೂ ಇತ್ತು.

ಕಾರಣ ಹೇಳಿದವರು ನಮ್ಮವರು. ಅವರಿಗೊಬ್ಬ ತಮ್ಮನಿದ್ದ, ನಾನು ನೋಡದ ಮೈದುನ. ಕಾಲೇಜು ಬಿಟ್ಟು, ಸಿನಿಮಾ ಸೇರುತ್ತೇನೆಂದು ಮುಂಬಯಿಗೆ ಓಡಿಹೋಗಿದ್ದ. ಒಂದೇ ಒಂದು ಕಾರ್ಡು ಬಂದಿತ್ತು: ಫೈಟಿಂಗಿನಲ್ಲಿ ಪೆಟ್ಟು ತಿಂದು ಬೀಳುವ ಕೆಲಸ ಸಿಗುತ್ತಿದೆ, ಅವ್ವ ಚಿಂತೆ ಮಾಡಬಾರದು ಎಂದು. ಆಮೇಲೆ ಸುದ್ದಿಯಿಲ್ಲ. ನಮ್ಮವರು ಎರಡು ಸಲ ಹೋಗಿ ಸ್ಟುಡಿಯೋಗಳ ಗೇಟುಗಳಲ್ಲಿ ಫೋಟೋ ತೋರಿಸಿ ಬರಿಗೈಯಲ್ಲಿ ಬಂದಿದ್ದರು. ಅಂದಿನಿಂದ ಅತ್ತೆ ಸಾಯುವವರನ್ನೇ ನೋಡುತ್ತಿದ್ದರು, ಅವರಲ್ಲಿ ಮಗ ಇರಬಹುದೆಂದು. ಅದನ್ನು ಕೇಳಿದ ದಿನ ನನ್ನ ಬೇಸರಕ್ಕೆ ನನಗೇ ಅಸಹ್ಯವಾಯಿತು.

ಆ ವರ್ಷಕ್ಕೆ ಕಾರ್ಡು ಬಂದು ಹನ್ನೆರಡು ವರ್ಷ ತುಂಬುತ್ತಿತ್ತು. ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ತಿಳಿದು, ದರ್ಭೆಯಲ್ಲಿ ಅವನ ಪ್ರತಿಮೆ ಮಾಡಿ ಸುಟ್ಟು, ಕ್ರಿಯೆ ಮಾಡಬೇಕೆಂದು ಶಾಸ್ತ್ರ. ನಮ್ಮವರ ದೊಡ್ಡಪ್ಪ ಊರಿನಿಂದ ಪತ್ರದ ಮೇಲೆ ಪತ್ರ ಹಾಕಿದರು: ಜನ ಎಲ್ಲೆಲ್ಲಿಂದಲೋ ಕ್ರಿಯೆಗೆಂದು ನಾಸಿಕಕ್ಕೆ ಬರುತ್ತಾರೆ, ನಿನಗೆ ಗೋದಾವರಿಯ ರಾಮಕುಂಡ ಮನೆಯ ಬಾಗಿಲಲ್ಲೇ ಇದೆ, ತಮ್ಮನಿಗೆ ಗತಿ ಕಾಣಿಸದೆ ಏನು ಮಾಡುತ್ತಿದ್ದೀಯಾ? ನಮ್ಮವರು ಕೊನೆಗೆ ಭಟ್ಟರನ್ನು ಕಂಡು ಒಂದು ಬುಧವಾರ ಗೊತ್ತು ಮಾಡಿ ಬಂದರು. ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆ ಬುಧವಾರದ ಹಿಂದಿನ ಭಾನುವಾರ ಗುಮಾಸ್ತರು ತಂದದ್ದು ಆ ವರ್ಷವೇ ತಯಾರಾದ ಹೊಸ ಹಿಂದಿ ಸಿನಿಮಾ. ಸಮುದ್ರದಾಚೆಯಿಂದ ಅಮಲಿನ ಪುಡಿ ತರಿಸಿ ಊರೂರಿಗೆ ಹಂಚುವ ಎರಡು ದೊಡ್ಡ ಗುಂಪುಗಳು. ಒಂದು ಗುಂಪು ಇನ್ನೊಂದನ್ನು ನಿರ್ನಾಮ ಮಾಡಲು ಇಬ್ಬರು ಬಾಡಿಗೆ ಕೊಲೆಗಾರರನ್ನು ಕರೆಸುತ್ತದೆ. ಗುಮಾಸ್ತರು ಕೊಲೆಗಾರರಿಗೆ ಮರುಳಾಗಿದ್ದರು. "ಖೂನಿ ಮಾಡಾವ ಅಂದ್ರ ಹಿಂಗಿರಬೇಕ್ ನೋಡ್ರಿ, ಅಂಗಿ ಇಸ್ತ್ರಿನೂ ಮುದುಡಂಗಿಲ್ಲ!" ಮಾಸ್ತರರದು ಬೇರೆ ತಕರಾರು. ಮೂಗಿಗೆ ಬಟ್ಟೆ ಕಟ್ಟದೆ ಮೂಟೆಗಟ್ಟಲೆ ಪುಡಿ ತುಂಬುತ್ತಾರೆ, ಒಬ್ಬನೂ ಸೀನುವುದಿಲ್ಲ, ಇದ್ಯಾವ ಸೀಮೆಯ ಪುಡಿ ಎಂದು ಮರಾಠಿಯಲ್ಲಿ ಗೊಣಗುತ್ತಿದ್ದರು.

ನಡುವೆ ಒಂದು ಗೋದಾಮಿನ ದೃಶ್ಯ ಬಂತು. ಪುಡಿಯ ಚೀಲಗಳ ಮೇಲೆ ಆರು ಜನ ಆಳುಗಳು ಮಲಗಿದ್ದಾರೆ. ಕೊಲೆಗಾರರಲ್ಲೊಬ್ಬ ಸಪ್ಪಳವಿಲ್ಲದ ಪಿಸ್ತೂಲಿನಿಂದ ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ಆರನೆಯವನು ಗೋಡೆಯ ಕಡೆ ಮುಖ ಮಾಡಿದ್ದಾನೆ, ಬರಿಗಾಲು ನಮ್ಮ ಕಡೆಗಿದೆ. ಗುಂಡು ಬಿದ್ದು, ಬೆನ್ನಿನ ಮೇಲೆ ಕೆಂಪು ಹರಡಿ, ಕೊಲೆಗಾರ ಹೊರಟ ಮೇಲೂ ಆ ಸತ್ತವನ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳನ್ನು ಮೆಲ್ಲಗೆ ಉಜ್ಜುತ್ತಿತ್ತು.

ಮಾಸ್ತರರಿಗೆ ಹಬ್ಬವಾಯಿತು. ಹೆಣ ಬೆರಳಾಡಿಸುತ್ತಿದೆ ಎಂದು ಕೂಗಿ ತೊಡೆ ಬಡಿದುಕೊಂಡು ನಕ್ಕರು. ಗುಮಾಸ್ತರು ನಕ್ಕರು, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ಜಪಮಣಿಯನ್ನು ನೆಲಕ್ಕಿಟ್ಟರು.

"ಹಿಂದ ತಿರುಗಸ್ರಿ ಅದನ್ನ."

ಗುಮಾಸ್ತರು ಗುಂಡಿ ಒತ್ತಿದರು. ಕೆಂಪು ಕಲೆ ಬೆನ್ನಿನೊಳಗೆ ಇಂಗಿತು, ಕೊಲೆಗಾರ ಹಿಮ್ಮುಖವಾಗಿ ಬಾಗಿಲು ದಾಟಿ ಹೋದ, ಆರೂ ಜನ ಬದುಕಿ ಮಲಗಿದರು. ಮತ್ತೆ ಗುಂಡು ಬಿತ್ತು, ಮತ್ತೆ ಬೆರಳು ಆಡಿತು.

"ನಮ್ಮ ಸಣ್ಣಾವ," ಎಂದರು ಅತ್ತೆ. "ಅಭ್ಯಾಸಕ್ಕ ಎಬ್ಬಸ್ಲಿಕ್ಕೆ ಹೋದ್ರ ನಿದ್ದಿ ಬಂದಾಂಗ ನಾಟಕ ಮಾಡ್ತಿದ್ದ. ಕಣ್ಣು ಗಟ್ಟಿ ಮುಚ್ಚತಿದ್ದ. ಬೆರಳ ಮಾತ್ರ ಸುಮ್ಮ ಇರ್ತಿರಲಿಲ್ಲ."

ಪಡಸಾಲೆಯಲ್ಲಿ ನಗು ನಿಂತುಹೋಯಿತು. ನಾವೆಲ್ಲ ಸಿನಿಮಾದವರ ತಪ್ಪು ಹಿಡಿದೆವೆಂದು ಬೀಗುತ್ತಿದ್ದೆವು. ಈ ಹೆಂಗಸು ಅದೇ ತಪ್ಪಿನಲ್ಲಿ ಮಗನನ್ನು ಕಂಡಿದ್ದರು.

ನಮ್ಮವರು ಅತ್ತೆಯ ಕಡೆ ತಿರುಗಿದರು. "ಅವ್ವಾ, ಬೆರಳ ಯಾರವಾದ್ರೂ ಅಲ್ಲಾಡ್ತಾವ. ಮಾರಿ ಎಲ್ಲಿ ಕಾಣಸ್ತದ?"

"ನೀ ಹದಿನಾರು ವರ್ಷ ಅವನ ಬಾಜೂಕ ಮಲಗಿದಾವ. ನೀನ ನೋಡಿ ಹೇಳು. ನೀ ಅಲ್ಲ ಅಂದ್ರ ಬುಧವಾರ ನಾನ ನಿನ್ನ ಕೂಡ ಬಂದು ರಾಮಕುಂಡದಾಗ ನಿಂದರತೀನಿ. ಆಮ್ಯಾಲೆ ಅವನ ಹೆಸರ ತಗಿಯೂದಿಲ್ಲ."

ನಮ್ಮವರು ಎಂಥವರೆಂದು ನಾನು ಹೇಳಬೇಕು. ಬ್ಯಾಂಕಿನಲ್ಲಿ ಅವರ ಕೆಲಸವೇ ಸಹಿ ತಾಳೆ ನೋಡುವುದು. ಗಿರಾಕಿ ಎದುರಿಗೇ ನಿಂತಿದ್ದರೂ, ದಿನಾ ನಮಸ್ಕಾರ ಹೇಳುವವನಾಗಿದ್ದರೂ, ಸಹಿಯಲ್ಲೊಂದು ಗೆರೆ ಹೆಚ್ಚುಕಡಿಮೆಯಾದರೆ ಚೆಕ್ಕು ವಾಪಸ್. ನನ್ನ ತಂದೆಯ ಚೆಕ್ಕನ್ನೂ ಒಮ್ಮೆ ತಿರುಗಿಸಿ ಕಳಿಸಿದ್ದರು, ಆ ಸಿಟ್ಟು ನನಗಿನ್ನೂ ಇದೆ. ಆ ಮನುಷ್ಯ ಎದ್ದು ಹೋಗಿ ಟಿವಿಯ ಮುಂದೆ ಮೊಣಕಾಲೂರಿ ಕುಳಿತರು. ಗುಮಾಸ್ತರು ಮೂರು ಸಲ ತೋರಿಸಿದರು. ಮೂರನೆಯ ಸಲ ಬೆರಳು ಆಡುತ್ತಿರುವಾಗ ಅವರು ಗಾಜಿನ ಮೇಲೆ ಕೈಯಿಟ್ಟರು.

"ಅವನೇ, ಅವ್ವಾ," ಎಂದರು.

ಮಾಸ್ತರರು ಕಣ್ಣೊರೆಸಿಕೊಂಡು, ಏನು ಮಾಡಬೇಕೋ ತಿಳಿಯದೆ, ವಾಡಿಕೆಯಂತೆ ಅತ್ತೆಯನ್ನೇ ಕೇಳಿದರು: ಸಿನಿಮಾ ಹೇಗಿದೆ? ಅತ್ತೆ ಸೆರಗಿನಿಂದ ಮುಖ ಒರೆಸಿ, ಹನ್ನೆರಡು ವರ್ಷಗಳ ಮೇಲೆ ಮೊದಲ ಬಾರಿ ಮಗನನ್ನು ಬೈದರು. "ಆ ಖೋಡಿಗೆ ಸಾಯ್ಲಿಕ್ಕೆ ಬರೂದಿಲ್ಲ."

ಸಂಜೆಯೇ ನಮ್ಮವರು ಭಟ್ಟರಲ್ಲಿಗೆ ಹೋಗಿ ಬುಧವಾರದ ಕ್ರಿಯೆ ಬೇಡವೆಂದು ಹೇಳಿ ಬಂದರು. ದೊಡ್ಡಪ್ಪನಿಗೂ ಕಾಗದ ಬರೆದರು. ಸಿನಿಮಾ ಮಾಡಿದವರ ವಿಳಾಸಕ್ಕೂ ಬರೆದರು, ಅದಕ್ಕೆ ಉತ್ತರ ಬರಲಿಲ್ಲ. ಅತ್ತೆ ಅಂದಿನಿಂದ ಹೊಡೆದಾಟದ ಸಿನಿಮಾ ನೋಡುವುದನ್ನೇ ಬಿಟ್ಟರು. ಹುಡುಕುವುದೇನೂ ಉಳಿದಿರಲಿಲ್ಲ ಎನ್ನುವಂತೆ ಹೊಟ್ಟೆತುಂಬ ಉಂಡು, ಮಧ್ಯಾಹ್ನ ನೆಮ್ಮದಿಯಾಗಿ ಮಲಗುತ್ತಿದ್ದರು.

ಒಂದೆರಡು ವರ್ಷದಲ್ಲಿ ಔರಂಗಾಬಾದಿಗೆ ವರ್ಗವಾಯಿತು. ಚಿಕಲಠಾಣಾ ಕಡೆ ಮನೆ ಹಿಡಿದು ಸಾಮಾನು ಬಿಚ್ಚುತ್ತಿದ್ದಾಗ, ಅತ್ತೆ ಹಿತ್ತಲಲ್ಲಿರುವುದನ್ನು ನೋಡಿಕೊಂಡು ನಾನು ಕೇಳಿಯೇಬಿಟ್ಟೆ. "ರೀ, ನಿಮಗ ಖರೇನ ಗುರ್ತ ಸಿಕ್ಕಿತ್ತೇನು?"

ಅವರು ಹಗ್ಗದ ಗಂಟು ಬಿಚ್ಚುವುದನ್ನು ನಿಲ್ಲಿಸಲಿಲ್ಲ. "ಒಂದು ಕಾಲು ಕಾಣಸ್ತಿತ್ತು. ಯಾರದೋ ಏನೋ. ನಮಗ ದೀಪಾ ಆರಿಸಿ ಮಲಗೂ ರೂಢಿ, ಅವನ ಬೆರಳ ನಾ ಎಂದ ನೋಡೀನಿ?"

ನಾನು ಮತ್ತೆ ಆ ಮಾತು ಎತ್ತಲಿಲ್ಲ. ಅತ್ತೆ ಔರಂಗಾಬಾದಿನಲ್ಲೇ ಐದಾರು ವರ್ಷ ಬಾಳಿ, ಒಂದು ಮುಂಜಾನೆ ಸ್ನಾನ ಮುಗಿಸಿ ಕುಳಿತಲ್ಲೇ ಹೋದರು. ಹತ್ತನೆಯ ದಿನ ನಮ್ಮವರು ಪಿಂಡಕ್ಕೆ ಕುಳಿತಾಗ ಪುರೋಹಿತರು ದರ್ಭೆ ಕೊಡುತ್ತ, ತಾಯಿಗೆ ನೀವೊಬ್ಬರೇ ಮಗನೋ ಎಂದು ಕೇಳಿದರು. ನಾನು ಅಕ್ಕಿಯ ಪಾತ್ರೆ ಹಿಡಿದು ಹಿಂದೆ ನಿಂತಿದ್ದೆ. ಅಲ್ಲಿ ಅತ್ತೆಯಿರಲಿಲ್ಲ. ಯಾರ ಸಮಾಧಾನಕ್ಕೂ ಸುಳ್ಳು ಹೇಳಬೇಕಾಗಿರಲಿಲ್ಲ.

"ಇಬ್ಬರು," ಎಂದರು ನಮ್ಮವರು. "ತಮ್ಮ ಮುಂಬಯಿಯೊಳಗ ಇದ್ದಾನ. ಅವಗ ಇನ್ನೂ ಸುದ್ದಿ ಮುಟ್ಟಿಲ್ಲ."