ಶುಕ್ರವಾರದ ರಾತ್ರಿ ಪಾಳಿ

ಹೋದ ವಾರ ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ಒಂದು ಗಿರಣಿಯ ಮುಂದೆ ಹಾಯುವಾಗ ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಗಿರಣಿಯವನು ನನ್ನನ್ನು ಗಿರಾಕಿ ಅಂದುಕೊಂಡು, ಡಬ್ಬಿ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ನನಗೆ ಬೇಕಾಗಿದ್ದು ಹಿಟ್ಟಲ್ಲ, ಇಂಥದೇ ಒಂದು ಗಿರಣಿಯ ಮೇಲಿದ್ದ ಎರಡು ಕೋಣೆ.

ಆ ಕೋಣೆಗಳಲ್ಲಿ ನಮ್ಮ ಅಕ್ಕೋರು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಅವರು ವಿಜಯಪುರದ ಕಡೆಯವರು. ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುವುದು ನಮ್ಮ ಕಡೆಯ ರೂಢಿ. ಕ್ಲಾಸಿನ ಮರಾಠಿ ಹುಡುಗಿಯರು ಅದೇ ಅವರ ಹೆಸರೆಂದು ತಿಳಿದು 'ಅಕ್ಕೋರ್ ಮ್ಯಾಡಮ್' ಅನ್ನುತ್ತಿದ್ದರು. ಕೆಳಗೆ ಗಿರಣಿ ಶುರುವಾದರೆ ಮೇಲೆ ನೆಲ ನಡುಗುತ್ತಿತ್ತು, ಕೀಬೋರ್ಡುಗಳ ಮೇಲೆ ಹಿಟ್ಟಿನ ತೆಳು ಪದರ ಕೂರುತ್ತಿತ್ತು. ಪಾಠಕ್ಕೆ ಮುಂಚೆ ಎಲ್ಲರೂ ಸೀರೆಯ ಹಳೆ ತುಂಡಿನಿಂದ ಕೀಲಿಗಳನ್ನು ಒರೆಸಬೇಕು. ಒರೆಸದವರಿಗೆ ಪಾಠವಿಲ್ಲ.

ಬೇರೆ ಕ್ಲಾಸುಗಳಲ್ಲಿ ಆಟ, ಅಂದದ ವೆಬ್‌ಸೈಟು ಅಂತೆಲ್ಲ ಕಲಿಸುತ್ತಿದ್ದಾಗ ನಮ್ಮ ಅಕ್ಕೋರು ವಾರಗಟ್ಟಲೆ ದಿನಾಂಕ ಮತ್ತು ಸಮಯ ಹಿಡಿದು ಕೂತಿದ್ದರು. ಎರಡು ದಿನಾಂಕಗಳ ನಡುವೆ ಎಷ್ಟು ದಿನ ಅಂತ ಕೇಳಿದರೆ ನಾವು ತಿಂಗಳಿಗೆ ಮೂವತ್ತು ದಿನ ಹಿಡಿದು ಗುಣಿಸಿ ಹಾಕುತ್ತಿದ್ದೆವು. ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಕೈಲೆ ಕೂಡಸಬ್ಯಾಡ್ರಿ ಅಂತ ಎಷ್ಟ ಸಲ ಹೇಳ್ಲಿ? ಭಾಷಾದ ಜೋಡಿನ ಲೈಬ್ರರಿ ಬಂದದ. ನಿಮಗಿಂತ ಶಾಣ್ಯಾರು ಕೂತು ಬರದಾರ, ಅವರನ್ನ ಕೇಳ್ರಿ."

ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿನ ಕಟ್ಟು. ಅದರಲ್ಲಿ ಸಮಯ ಎರಡು ಬಗೆ. ಯಾವ ಪ್ರದೇಶದ ಗಡಿಯಾರದ್ದು ಎಂಬ ಗುರುತು ಇರುವುದು ಒಂದು, ಅದಿಲ್ಲದ್ದು ಇನ್ನೊಂದು. ಒಂದರಿಂದ ಇನ್ನೊಂದನ್ನು ಕಳೆಯಲು ಹೋದರೆ, ಆಗುವುದಿಲ್ಲ ಎಂದು ಲೈಬ್ರರಿ ಎರರ್ ಒಗೆಯುತ್ತದೆ. ಗುರುತಿಲ್ಲದ್ದಕ್ಕೆ ಅಕ್ಕೋರು 'ಊರಿಲ್ಲದ ಸಮಯ' ಅನ್ನುತ್ತಿದ್ದರು. ಊರು ಕೇಳದೆ ಹೆಣ್ಣು ಕೊಡ್ತೀರೇನು, ಹಾಗೆ ಊರು ಕೇಳದೆ ಸಮಯವನ್ನೂ ನಂಬಬೇಡಿ ಎಂಬುದು ಅವರ ಮಾತು.

ಒಮ್ಮೆ ನಮ್ಮ ನಮ್ಮ ಹುಟ್ಟಿದ ವಾರ ಹುಡುಕುವ ಪಾಠ. ನಾನು ಹುಟ್ಟಿದ್ದು ಕೋಳಿ ಕೂಗುವ ಮುಂಚೆ. ಅಜ್ಜಿ ಜನ್ಮವಿಡೀ ಗುರುವಾರ ಅಂದಿದ್ದಳು, ಲೈಬ್ರರಿ ಶುಕ್ರವಾರ ಅಂದಿತು. ಲೈಬ್ರರಿಯೇ ತಪ್ಪು ಎಂದು ನಾನು ವಾದಕ್ಕೆ ನಿಂತೆ. ಅಜ್ಜಿಯನ್ನು ಬಿಟ್ಟುಕೊಡುವುದುಂಟೆ! ಅಕ್ಕೋರು ನಕ್ಕರು.

"ನಿಮ್ಮಜ್ಜೀದೂ ಖರೇನ ಅದ, ಇದರದೂ ಖರೇನ ಅದ. ನಮ್ಮ ಮಂದಿಗೆ ಹೊತ್ತು ಹುಟ್ಟಿದ ಮ್ಯಾಲೆ ದಿನಾ ಬದಲಾಗ್ತದ, ಇದಕ್ಕ ನಡುರಾತ್ರಿಗೆ. ಯಾವ ಲೆಕ್ಕದಾಗ ಮಾತಾಡಾಕತ್ತೀವಿ ಅನ್ನೂದು ಮೊದಲ ಹೇಳಬೇಕು, ಅಷ್ಟ."

ಆಗ ಅಪ್ಪ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದ. ಅಕ್ಕೋರ ಯಜಮಾನರೂ ಅಲ್ಲೇ ಪಾಳಿಯ ಮುಖ್ಯಸ್ಥರು. ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು. ಆ ವರ್ಷದ ಬೇಸಿಗೆಯಲ್ಲಿ ಅಲ್ಲೊಂದು ಅನಾಹುತವಾಯಿತು. ಬಿಸಿಯಾಗುವ ಪಾತ್ರೆಗೆ ತಣ್ಣೀರು ಬಿಡುವ ವಾಲ್ವನ್ನು ಯಾರೋ ಮುಚ್ಚಿ ಮತ್ತೆ ತೆರೆದಿರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಇಡೀ ಬ್ಯಾಚ್ ಹಾಳಾಯಿತು. ವಾಲ್ವ್ ಮುಚ್ಚಿದ್ದು ಶುಕ್ರವಾರ ಸಂಜೆ ಎಂಟೂವರೆಗೆ ಎಂದು ಅಲ್ಲಿಯ ಕಂಪ್ಯೂಟರು ಹೇಳಿತಂತೆ. ಆ ಹೊತ್ತಿನ ಎರಡನೇ ಪಾಳಿ ಅಪ್ಪನದು.

ಅಪ್ಪನನ್ನು ಕೆಲಸದಿಂದ ತಡೆಹಿಡಿದರು. ವಿಚಾರಣೆಯ ದಿನ ಗೊತ್ತು ಮಾಡಿದರು. ನಾನು ಮುಟ್ಟಿಲ್ಲ ಎಂದು ಅಪ್ಪ ಹೇಳಿದ, ಮಷಿನ್ ಸುಳ್ಳು ಹೇಳುವುದಿಲ್ಲ ಎಂದು ಅವರು ಹೇಳಿದರು. ಅಪ್ಪ ಮನೆಯಲ್ಲಿ ಊಟ ಬಿಟ್ಟ, ಮಾತು ಬಿಟ್ಟ. ಅವನನ್ನು ಬಾಧಿಸಿದ್ದು ನೌಕರಿ ಹೋಗುವ ಹೆದರಿಕೆಗಿಂತ ಹೆಚ್ಚಾಗಿ ಬೇಜವಾಬ್ದಾರಿ ಎಂಬ ಪದ. ನನ್ನ ಅಪ್ಪ ಗ್ಯಾಸಿನ ಒಲೆ ಆರಿಸಿದ್ದನ್ನು ಮೂರು ಸಲ ನೋಡುವ ಮನುಷ್ಯ.

ನಾನು ಅಳುತ್ತ ಅಕ್ಕೋರ ಹತ್ತಿರ ಹೋದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. "ಆ ಎಂಟೂವರೆಗೆ ಊರು ಅದ ಏನು?" ಎಂದು ಕೇಳಿದರು. ಮರುದಿನ ಕಾಕಾನ ಮೊಬೈಲಿನಲ್ಲಿ ಆ ಪರದೆಯ ಫೋಟೋ ಸಿಕ್ಕಿತು. ಎಂಟೂವರೆಯನ್ನು ಇಪ್ಪತ್ತು ಮೂವತ್ತು ಎಂದು ಬರೆದ ಅಂಕಿಯ ಕೊನೆಗೆ 'ಝಡ್' ಎಂಬ ಒಂದು ಇಂಗ್ಲಿಷ್ ಅಕ್ಷರ. ಅಂದರೆ ಅದು ನಮ್ಮ ಗಡಿಯಾರದ ಸಮಯವಲ್ಲ, ಇಡೀ ಜಗತ್ತು ಲೆಕ್ಕಕ್ಕೆ ಹಿಡಿಯುವ ಮೂಲ ಸಮಯ. ನಮ್ಮದು ಅದಕ್ಕಿಂತ ಐದೂವರೆ ತಾಸು ಮುಂದೆ. ಕಚೇರಿಯವರು ನೋಟಿಸ್ ಬರೆಯುವಾಗ ಆ ಅಕ್ಷರವನ್ನು ಕಸವೆಂದು ಬಿಟ್ಟಿದ್ದರು. ಅಕ್ಕೋರು ಕೈಯಿಂದ ಕೂಡಿಸಲಿಲ್ಲ. ನಾಲ್ಕು ಸಾಲು ಬರೆದು ಲೈಬ್ರರಿಯನ್ನೇ ಕೇಳಿದರು. ಶನಿವಾರ, ಬೆಳಗಿನ ಎರಡು ಗಂಟೆ ಎಂದು ಬಂತು. ಆ ಹೊತ್ತಿಗೆ ಅಪ್ಪ ಕಂಪನಿ ಬಸ್ಸಿನಲ್ಲಿ ಮನೆಗೆ ಬಂದು ಮಲಗಿದ್ದ.

ನಾನು ಕುಣಿದಾಡುವುದೊಂದು ಬಾಕಿ. ಅಕ್ಕೋರು ಮಾತ್ರ ಪರದೆಯನ್ನೇ ನೋಡುತ್ತ ಕೂತಿದ್ದರು. ಕೆಳಗೆ ಗಿರಣಿ ನಿಂತಿತ್ತು.

"ಆ ರಾತ್ರಿ ಪಾಳಿ ನಮ್ಮನಿಯವರದು," ಎಂದರು.

ವಿಚಾರಣೆಯ ದಿನ ಅಪ್ಪನ ವಿನಂತಿಯ ಮೇಲೆ ಅಕ್ಕೋರಿಗೂ ಬರಲು ಒಪ್ಪಿಗೆ ಸಿಕ್ಕಿತ್ತು. ಲ್ಯಾಪ್‌ಟಾಪ್ ಹೊತ್ತು ನಾನೂ ಹೋದೆ. ಬಸ್ಸಿನಲ್ಲಿ ಅಕ್ಕೋರು ಒಂದೇ ಮಾತು ಹೇಳಿದರು. ಆ ಹುಡುಗಿಯ ಅಪ್ಪನನ್ನು ಬಿಡಿಸು, ಆದರೆ ನನ್ನ ಹೆಸರು ಎತ್ತಬೇಡ ಎಂದು ಕಾಕಾ ಕೇಳಿಕೊಂಡಿದ್ದರಂತೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು... ಯಾರು ತಾನೆ ಹಾಗೆ ಬಯಸುವುದಿಲ್ಲ! ಕಾಕಾ ಕೆಟ್ಟವರಲ್ಲ. ಆ ರಾತ್ರಿ ಸೋರಿಕೆ ಸರಿಮಾಡಲು ವಾಲ್ವ್ ಮುಚ್ಚಿಸಿ, ಬೇರೆ ಕಡೆ ಕೂಗಿದಾಗ ಓಡಿ, ಮತ್ತೆ ತೆರೆಸುವುದನ್ನು ಮರೆತಿದ್ದರು. ಸಂಜೆ ಎಂಟೂವರೆ ಎಂದು ಸುದ್ದಿ ಬಂದಾಗ ಅದು ಬೇರೆ ಯಾರೋ ಮಾಡಿದ್ದು ಎಂದೇ ಅವರೂ ನಂಬಿದ್ದರು.

ಮ್ಯಾನೇಜರ್ ಸಾಹೇಬರ ಕೋಣೆಯಲ್ಲಿ ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ಅಕ್ಕೋರು ಝಡ್ ಅಕ್ಷರದ ಅರ್ಥ ಹೇಳಿದರು, ಲೆಕ್ಕ ತೋರಿಸಿದರು. ಸಾಹೇಬರು ತಿಳಿದ ಮನುಷ್ಯ, ಒಪ್ಪಿಕೊಂಡರು. ಅಪ್ಪನ ಕೈ ಹಿಡಿದು ಕ್ಷಮೆ ಕೇಳಿದರು. ಆಮೇಲೆ ಸಾಹೇಬರು ಗೋಡೆಯ ಮೇಲಿನ ಪಾಳಿ ಪಟ್ಟಿಯ ಹತ್ತಿರ ಹೋಗಿ, ಶನಿವಾರದ ಸಾಲಿನಲ್ಲಿ ರಾತ್ರಿ ಪಾಳಿಯ ಮೇಲೆ ಬೆರಳಿಟ್ಟರು. ಅಲ್ಲಿದ್ದದ್ದು ಕಾಕಾನ ಹೆಸರಲ್ಲ, ದೌಂಡ್ ಕಡೆಯ ಒಬ್ಬ ಗೃಹಸ್ಥನ ಹೆಸರು. ಅವನನ್ನು ಕರೆಸಿ ಎಂದರು.

ಪಟ್ಟಿಯಲ್ಲಿ ರಾತ್ರಿ ಪಾಳಿಯನ್ನು ಅದು ಶುರುವಾದ ವಾರದ ಹೆಸರಿನಲ್ಲಿ ಬರೆಯುತ್ತಾರೆ. ಶುಕ್ರವಾರ ರಾತ್ರಿ ಹೋದವನು ಶನಿವಾರ ಬೆಳಿಗ್ಗೆ ಹೊರಬಂದರೂ ಅದು ಶುಕ್ರವಾರದ ಪಾಳಿಯೇ. ಅದು ಅಪ್ಪನಿಗೆ ಗೊತ್ತಿತ್ತು. ಅಕ್ಕೋರಿಗೂ ಗೊತ್ತಿತ್ತು. ಕಾರ್ಖಾನೆಗೆ ಹೊಸಬರಾದ ಸಾಹೇಬರಿಗೆ ಆ ಕ್ಷಣಕ್ಕೆ ಹೊಳೆದಿರಲಿಲ್ಲ. ಅಪ್ಪ ನೆಲ ನೋಡಿದ. ತನ್ನನ್ನು ಉಳಿಸಲು ಬಂದ ಹೆಣ್ಣುಮಗಳ ಗಂಡನ ಹೆಸರನ್ನು ಅವನು ಹೇಗೆ ಹೇಳಿಯಾನು? ಅಕ್ಕೋರು ಸುಮ್ಮನಿದ್ದರೆ ಸಾಕಾಗಿತ್ತು. ಬಂದ ಕೆಲಸ ಮುಗಿದಿತ್ತು.

ಅವರು ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ಶನಿವಾರ ಎರಡು ಗಂಟೆ ಅಂದರೆ ನಿಮ್ಮ ಪಟ್ಟಿಯ ಪ್ರಕಾರ ಶುಕ್ರವಾರದ ರಾತ್ರಿ, ಸಾಹೇಬರೇ. ಬೆರಳು ಒಂದು ಸಾಲು ಮೇಲೆ ಹೋಗಬೇಕು, ಎಂದರು. ಸಾಹೇಬರು ಬೆರಳು ಸರಿಸಿ ಹೆಸರು ಓದಿದರು. ಇವರು ಯಾರು ಎಂದು ಕೇಳಿದರು. ನನ್ನ ಯಜಮಾನರು ಎಂದರು ಅಕ್ಕೋರು.

ಇದನ್ನು ಬರೆಯುವಾಗಲೂ ನನ್ನ ಎದೆ ಉಬ್ಬುತ್ತದೆ. ನನಗೆ ಕಲಿಸಿದವರು ಇವರು!

ಕಾಕಾನ ಮುಖ್ಯಸ್ಥನ ಪಟ್ಟ ಹೋಯಿತು. ನೌಕರಿ ಉಳಿಯಿತು, ನಿವೃತ್ತಿಯವರೆಗೂ ಸಾದಾ ಆಪರೇಟರ್ ಆಗಿಯೇ ಉಳಿದರು. ಮನೆಯಲ್ಲಿ ಎಷ್ಟೋ ಕಾಲ ಅವರಿಬ್ಬರ ನಡುವೆ ಮಾತಿರಲಿಲ್ಲವೆಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳುವುದೇ ಓಣಿಯ ಉದ್ಯೋಗ. ಅಕ್ಕೋರು ಮಾತ್ರ ಮೊದಲಿನ ಹಾಗೆಯೇ ಕೀಬೋರ್ಡ್ ಒರೆಸದವರನ್ನು ಬೈಯುತ್ತ ಪಾಠ ಮಾಡಿದರು. ಆ ವಿಷಯ ಅವರಾಗಿ ಎಂದೂ ಎತ್ತಲಿಲ್ಲ. ದಸರೆಗೆ ಬನ್ನಿ ಎಲೆ ಹಂಚಲು ಹೊರಟರೆ ಅಪ್ಪ ಮೊದಲು ಹೋಗುತ್ತಿದ್ದದ್ದು ಅವರ ಮನೆಗೆ. ವಯಸ್ಸಿನಲ್ಲಿ ತನಗಿಂತ ಚಿಕ್ಕವರಾದ ಅವರ ಕಾಲು ಮುಟ್ಟಲು ಹೋಗಿ ಬೈಸಿಕೊಳ್ಳುತ್ತಿದ್ದ.

ಈಗ ನಾನು ವಿಮಾನ ನಗರದ ಆಫೀಸೊಂದರಲ್ಲಿ ಬೇರೆಯವರು ಬರೆದ ಕೋಡ್ ತಪಾಸಣೆ ಮಾಡುತ್ತೇನೆ. ಊರಿಲ್ಲದ ಸಮಯ ಕಂಡರೆ ವಾಪಸ್ ಕಳಿಸುತ್ತೇನೆ. ನನಗೆ ಸಿಟ್ಟಿನವಳು ಎಂಬ ಬಿರುದಿದೆ. ಇರಲಿ, ಅದು ಗುರುವಿನಿಂದ ಬಂದದ್ದು.

ಅಕ್ಕೋರು ಹೋದ ಚಳಿಗಾಲದಲ್ಲಿ ತೀರಿಕೊಂಡರು. ಈ ದಸರೆಗೆ ಅಪ್ಪ ಮತ್ತು ನಾನು ಬನ್ನಿ ಹಿಡಿದು ಹೋದಾಗ ಬಾಗಿಲು ತೆರೆದದ್ದು ಕಾಕಾ. ಚಹಾ ತಾವೇ ಮಾಡಿಕೊಟ್ಟರು, ಸಕ್ಕರೆ ಹಾಕುವುದು ಮರೆತಿದ್ದರು. ನಾವು ಹೇಳಲಿಲ್ಲ. ಕಪ್ಪುಗಳನ್ನು ಒಳಗಿಟ್ಟು ಬಂದು ಅವರೇ ಶುರುಮಾಡಿದರು.

"ಅವತ್ತು ಅಕಿ ನನ್ನ ಹೆಸರು ಹೇಳಿದ್ಲಲ್ಲ, ಆ ದೌಂಡಿನವಗ ನಾಕು ಮಕ್ಕಳಿದ್ದುವು. ಅಂವಾ ಪಾಳಿ ಮ್ಯಾಲೆ ಬಂದಾಗೆಲ್ಲ ನನಗ ರಾಮ್ ರಾಮ್ ಅಂತಿದ್ದ, ಅವಗೇನೂ ಗೊತ್ತಿರಲಿಲ್ಲ. ಅವನ ಮಾರಿ ನೋಡಿದಾಗೊಮ್ಮೆ ಅನಸ್ತಿತ್ತು, ನನ್ನ ಹೆಂಡ್ತಿ ನನ್ನನ್ನ ಭಾಳ ದೊಡ್ಡ ಪಾಪದಿಂದ ಉಳಸ್ಯಾಳ ಅಂತ. ಆದ್ರ ಒಂದ ದಿನಾನೂ ಅಕಿ ಮುಂದ ಅನ್ನಲಿಲ್ಲ ನೋಡ್ರಿ."

ಅವರಿಗೆ ಗೊತ್ತಿತ್ತು, ಕಾಕಾ, ಎಂದೆ ನಾನು.

"ಗೊತ್ತಿತ್ತೋ ಏನೋ," ಎಂದರು ಕಾಕಾ. "ಹೇಳಿದ್ರ ಅಕಿಗೆ ಛಲೋ ಅನಸ್ತಿತ್ತು."